ಪುಸ್ತಕ ಮುಚ್ಚಿದರೆ ಸ್ವರ ತಿಳಿಯುವುದಿಲ್ಲ: ಮೂವತ್ತೆಂಟನೆಯ ವಯಸ್ಸಿನಲ್ಲಿ ಸ್ವರಜ್ಞಾನ ಬರುವುದೇ?

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ಸಂಗೀತ ಬಲ್ಲ ಎಲ್ಲರಿಗೂ ನಮಸ್ಕಾರ.

ನಾನು ಎಂಟನೆಯ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಕರ್ನಾಟಕ ಸಂಗೀತದ ಗಾಯನವನ್ನು ಕಲಿತವಳು. ಜೂನಿಯರ್ ಮತ್ತು ಸೀನಿಯರ್ ಪರೀಕ್ಷೆಗಳೆರಡರಲ್ಲಿಯೂ ಒಳ್ಳೆಯ ಅಂಕಗಳು ಬಂದಿದ್ದವು. ಆಮೇಲೆ ಕೆಲಸ, ಮದುವೆ, ಮನೆಯೆಂದು ಹದಿನೆಂಟು ವರ್ಷ ಬಿಟ್ಟುಹೋಗಿದ್ದ ಹಾಡಿಕೆಯನ್ನು ಕಳೆದ ವರ್ಷ ಮತ್ತೆ ಕೈಗೆತ್ತಿಕೊಂಡಿದ್ದೇನೆ. ಪುಸ್ತಕ ಮುಂದಿದ್ದರೆ ಭೈರವಿ ರಾಗದ ವರ್ಣವನ್ನು ಎರಡು ಕಾಲಗಳಲ್ಲಿ (ವೇಗಗಳಲ್ಲಿ) ತಪ್ಪಿಲ್ಲದೆ ಹಾಡಬಲ್ಲೆ.

ಕಳೆದ ತಿಂಗಳು ಹತ್ತು ವರ್ಷದ ನನ್ನ ಮಗಳು ಶಾಲೆಯಲ್ಲಿ ಕಲಿತ ಒಂದು ಹಾಡನ್ನು ಗುನುಗುತ್ತ ಬಂದು, "ಅಮ್ಮ, ಇದಕ್ಕೆ ಸ್ವರ ಬರೆದುಕೊಡು, ಕೀಬೋರ್ಡಿನಲ್ಲಿ ನುಡಿಸಬೇಕು" ಎಂದಳು. ಕೇಳಿದವರು ಮೋಹನ ರಾಗವೆಂದು ಹೇಳುವ, ಅಷ್ಟೇನೂ ಕಷ್ಟವಿಲ್ಲದ ಹಾಡು ಅದು. ಅರ್ಧ ಗಂಟೆ ತಡಕಾಡಿದರೂ ಮೊದಲ ಸಾಲು ಕೂಡ ನನಗೆ ಸರಿಯಾಗಿ ದಕ್ಕಲಿಲ್ಲ. ಹನ್ನೊಂದು ವರ್ಷ ಪಾಠ ಹೇಳಿಸಿಕೊಂಡವಳಿಗೆ ಮಗುವಿನ ಹಾಡಿನ ಸ್ವರ ತಿಳಿಯದೆ ಹೋದದ್ದು ನನ್ನನ್ನು ಬಹಳ ಕಾಡುತ್ತಿದೆ.

ನಾನು ಕಲಿತ ಬಗೆಯನ್ನು ಹಿಂದಿರುಗಿ ನೋಡಿದಾಗ ಒಂದು ಸಂಗತಿ ಹೊಳೆಯಿತು. ತರಗತಿಯಲ್ಲಿ ನಾವೆಲ್ಲ ಪುಸ್ತಕ ಬಿಡಿಸಿಕೊಂಡೇ ಹಾಡುತ್ತಿದ್ದೆವು. ತಪ್ಪಿದಾಗ ಪಾಠ ಹೇಳುವವರು "ಅಲ್ಲಿ ಗಾಂಧಾರ ಇದೆ ನೋಡು" ಎನ್ನುತ್ತಿದ್ದರು. "ಕೇಳು" ಎಂದು ಅವರು ಹೇಳಿದ ನೆನಪು ನನಗಿಲ್ಲ. ಪುಸ್ತಕವಿಲ್ಲದೆ ಸ್ವರ ಗುರುತಿಸುವುದು ಹೇಗೆ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದಾಗ, ಅದು ಹುಟ್ಟಿನಿಂದಲೇ ಬರಬೇಕಾದದ್ದು ಎಂಬ ಉತ್ತರ ಸಿಕ್ಕಿತ್ತು.

ಅದು ನಿಜವೇ? ಕಛೇರಿ ಮಾಡುವ ಉದ್ದೇಶವಿಲ್ಲದ ನನ್ನಂಥವರು ಈ ವಯಸ್ಸಿನಲ್ಲಿ ಕಿವಿಯನ್ನು ತಿದ್ದಲು ಸಮಯ ಕೊಡುವುದರಲ್ಲಿ ಅರ್ಥವಿದೆಯೇ? ಒಂದು ಸ್ವರವನ್ನು ನುಡಿಸಿ ಅದು ಯಾವುದೆಂದು ಕೇಳುವ ಮೊಬೈಲ್ ಆ್ಯಪ್‌ಗಳಿವೆಯಲ್ಲ, ಅವುಗಳಿಂದ ಪ್ರಯೋಜನವಾದೀತೇ?

ಉತ್ತರ: ಪಕ್ಕವಾದ್ಯ, ಮೈಸೂರು

ಹುಟ್ಟಿನಿಂದ ಬರಬೇಕು ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ಸಾಮರ್ಥ್ಯಗಳು ಬೆರೆತುಹೋಗಿವೆ. ಯಾವ ಆಧಾರವೂ ಇಲ್ಲದೆ, ಬಾಗಿಲಿನ ಗಂಟೆಯ ಸದ್ದು ಕೇಳಿದರೂ ಅದು ಕೀಬೋರ್ಡಿನ ಇಂಥ ಮನೆಯೆಂದು ಹೇಳಬಲ್ಲವರು ಕೆಲವರಿದ್ದಾರೆ. ಅವರಲ್ಲಿ ಹೆಚ್ಚಿನವರು ತೀರ ಎಳೆಯ ವಯಸ್ಸಿನಲ್ಲಿಯೇ ಸಂಗೀತಕ್ಕೆ ಬಿದ್ದವರು; ದೊಡ್ಡವರಾದ ಮೇಲೆ ಅದನ್ನು ಸಂಪಾದಿಸುವುದು ಬಹಳ ಕಷ್ಟ. ಆದರೆ ನಮ್ಮ ಸಂಗೀತಕ್ಕೆ ಅದರ ಅಗತ್ಯವೇ ಇಲ್ಲ. ನಮ್ಮ ಷಡ್ಜ, ಅಂದರೆ ಉಳಿದ ಸ್ವರಗಳಿಗೆಲ್ಲ ಆಧಾರವಾದ 'ಸ', ಹಾಡುವವರ ಕಂಠದ ಜೊತೆ ಸರಿಯುತ್ತದೆ: ನೀವು ಕೀಬೋರ್ಡಿನ ಐದನೆಯ ಮನೆಯನ್ನು ಷಡ್ಜವಾಗಿಟ್ಟು ಹಾಡಿದರೆ ಗಂಡಸರು ಒಂದನೆಯ ಮನೆಯಲ್ಲಿ ಹಾಡುತ್ತಾರೆ, ಮೋಹನ ಇಬ್ಬರಿಗೂ ಮೋಹನವೇ. ನಮಗೆ ಬೇಕಾದದ್ದು ಷಡ್ಜದಿಂದ ಪ್ರತಿ ಸ್ವರ ಎಷ್ಟು ದೂರದಲ್ಲಿದೆ ಎಂಬ ಅಳತೆ. ಆ ಅಳತೆಯನ್ನು ಯಾವ ವಯಸ್ಸಿನಲ್ಲಿಯೂ ಕಲಿಯಬಹುದು. ನಿವೃತ್ತಿಯಾದ ಮೇಲೆ ಪಿಟೀಲು ಹಿಡಿದ ಇಬ್ಬರು ನನ್ನ ಬಳಿ ಕಲಿಯುತ್ತಿದ್ದಾರೆ. ಮೆಟ್ಟುಗಳಿಲ್ಲದ ಆ ವಾದ್ಯದಲ್ಲಿ ಬೆರಳು ಎರಡು ಮಿಲಿಮೀಟರ್ ಸರಿದರೂ ಅಪಶ್ರುತಿಯಾಗುತ್ತದೆ, ಅದನ್ನು ಅವರು ಈಗ ನಾನು ಹೇಳುವ ಮೊದಲೇ ಗುರುತಿಸಿ ತಿದ್ದಿಕೊಳ್ಳುತ್ತಾರೆ.

ಇದರ ಬೆಲೆ ಏನೆಂಬುದನ್ನು ಪಕ್ಕವಾದ್ಯದವನಾಗಿ ಹೇಳುತ್ತೇನೆ. ಗಾಯಕರು ಆಲಾಪನೆಯಲ್ಲಿ ಒಂದು ಸಂಚಾರ (ರಾಗದ ಸ್ವರಗಳ ಒಂದು ನಡೆ) ಹಾಡಿ ಬಿಡುತ್ತಾರೆ. ಅದನ್ನು ನಾನು ಮೊದಲು ಕಂಡಿರುವುದಿಲ್ಲ, ಅದಕ್ಕೆ ಪುಸ್ತಕವಿಲ್ಲ, ಒಂದು ಉಸಿರಿನ ಅವಧಿಯಲ್ಲಿ ಅದರ ಜಾಡು ಹಿಡಿದು ನಾನು ನುಡಿಸಬೇಕು. ಇದು ಕಛೇರಿಯವರಿಗೆ ಮಾತ್ರ ಬೇಕಾದ ವಿದ್ಯೆಯೆಂದು ದಯವಿಟ್ಟು ತಿಳಿಯಬೇಡಿ. ಸ್ವರಗಳನ್ನು ಆಗಿಂದಾಗಲೇ ಕಟ್ಟಿ ಹಾಡುವ ಸ್ವರಕಲ್ಪನೆಯಲ್ಲಿ ನೀವು ತಡವರಿಸುತ್ತೀರೆಂದು ನಾನು ಊಹಿಸುತ್ತೇನೆ, ಏಕೆಂದರೆ ಮನಸ್ಸಿನಲ್ಲಿ ಮೂಡಿದ ನಡೆಗೆ ಹೆಸರು ತಿಳಿಯದಿದ್ದರೆ ಬಾಯಲ್ಲಿ ಯಾವ ಸ್ವರವನ್ನು ಹೇಳುವುದು? ಆಗ ಬಾಯಿಪಾಠ ಮಾಡಿದ ನಾಲ್ಕು ಆವರ್ತಗಳೇ ಗತಿಯಾಗುತ್ತವೆ. ಮನೆಯಲ್ಲಿ ಒಬ್ಬರೇ ಕುಳಿತು ಹಾಡಿಕೊಳ್ಳುವವರಿಗೂ ಶ್ರುತಿ ತಪ್ಪಿದ್ದನ್ನು ಹೇಳುವವರು ತಮ್ಮ ಕಿವಿಯ ಹೊರತು ಬೇರೆ ಯಾರೂ ಇರುವುದಿಲ್ಲ.

ಇನ್ನು ಮಾಡಬೇಕಾದದ್ದು. ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷ ತಂಬೂರಿಯ ಜೊತೆ ಷಡ್ಜ, ಪಂಚಮ, ತಾರಷಡ್ಜ (ಮೇಲಿನ 'ಸ') ಮಾತ್ರ ಹಾಡಿ. ಆಮೇಲೆ ಮಾಯಾಮಾಳವಗೌಳ ರಾಗದ ಸರಳೆವರಸೆಗೆ, ಅಂದರೆ ಮೊದಲ ಸ್ವರಪಾಠಗಳಿಗೆ ಬನ್ನಿ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬಿರುವ ಈ ಪಾಠದ ರಾಗದಲ್ಲಿ ಕಿವಿಗೆ ದೊಡ್ಡ ಅನುಕೂಲವಿದೆ: ರಿಷಭ ಷಡ್ಜಕ್ಕೆ ಅಂಟಿಕೊಂಡಿದೆ, ಗಾಂಧಾರ ಮಧ್ಯಮಕ್ಕೆ, ಧೈವತ ಪಂಚಮಕ್ಕೆ, ನಿಷಾದ ತಾರಷಡ್ಜಕ್ಕೆ. ನಾಲ್ಕು ಜೋಡಿಗಳು, ನಡುವೆ ಅಗಲವಾದ ಜಾಗ, ಕೆಳಗಿನ ಅರ್ಧದ ಅಳತೆಯೇ ಮೇಲಿನ ಅರ್ಧದಲ್ಲಿಯೂ. ಹೀಗಾಗಿ ಒತ್ತಾದ ಅಂತರ ಯಾವುದು, ಬಿಡಿಯಾದ ಅಂತರ ಯಾವುದು ಎಂಬುದು ಎಳೆಯ ಕಿವಿಗೂ ಬೇಗ ತಿಳಿಯುತ್ತದೆ. ನೀವು ಅದನ್ನು ಬಾಲ್ಯದಲ್ಲಿ ಹಾಡಿದ್ದೀರಿ, ಈಗ ಕೇಳಿಸಿಕೊಳ್ಳಬೇಕು. ಮಗಳು ಅಕಾರದಲ್ಲಿ (ಹೆಸರು ಹೇಳದೆ 'ಆ' ಎಂದು) ಮೂರು ಸ್ವರ ಹಾಡಲಿ, ನೀವು ಹೆಸರು ಹೇಳಿ. ಆಮೇಲೆ ನೀವು ಹಾಡಿ, ಅವಳು ಹೇಳಲಿ. ಸರಳೆಯಲ್ಲಿ ತಪ್ಪು ನಿಂತ ಮೇಲೆ, ಸ್ವರಗಳು ಹಾರಿ ಹಾರಿ ಬರುವ ದಾಟುವರಸೆಯಲ್ಲಿ ಇದನ್ನೇ ಮಾಡಿ.

ಅದಾದ ಮೇಲೆ ಒಂದು ಸರಪಳಿಯನ್ನು ಹಿಡಿಯಿರಿ. ನನ್ನ ವಿದ್ಯಾರ್ಥಿಗಳಿಗೆ ಇದರಷ್ಟು ಲಾಭ ಕೊಟ್ಟ ಸಾಧನೆ ಬೇರೆ ಇಲ್ಲ. ಕಲ್ಯಾಣಿ ರಾಗದ ಮಧ್ಯಮವನ್ನು ಒಂದು ಸ್ಥಾನ ಇಳಿಸಿದರೆ ಶಂಕರಾಭರಣ. ಅದರ ನಿಷಾದವನ್ನು ಇಳಿಸಿದರೆ ಹರಿಕಾಂಬೋಜಿ. ಅದರ ಗಾಂಧಾರವನ್ನು ಇಳಿಸಿದರೆ ಖರಹರಪ್ರಿಯ, ಅದರ ಧೈವತವನ್ನು ಇಳಿಸಿದರೆ ನಠಭೈರವಿ, ಅದರ ರಿಷಭವನ್ನು ಇಳಿಸಿದರೆ ತೋಡಿ. ಮೇಳದ (ತಾಯಿರಾಗಗಳ ಪಟ್ಟಿಯ) ಸಂಖ್ಯೆಯಲ್ಲಿ 65, 29, 28, 22, 20, 8. ಪ್ರತಿ ಹೆಜ್ಜೆಗೆ ಒಂದೇ ಒಂದು ಸ್ವರ ಬದಲಾಗುವುದರಿಂದ, ಅಕ್ಕಪಕ್ಕದ ಎರಡು ರಾಗಗಳ ಆರೋಹಣ ಅವರೋಹಣಗಳನ್ನು ಒಂದರ ಹಿಂದೆ ಒಂದರಂತೆ ಹಾಡಿದಾಗ ಕಿವಿ ಆ ಒಂದು ಸ್ವರದ ಮೇಲೆಯೇ ನಿಲ್ಲುತ್ತದೆ. ಒಂದು ಜೋಡಿಗೆ ಒಂದು ವಾರ ಕೊಡಿ.

ಆ್ಯಪ್‌ನಿಂದ ನಷ್ಟವಿಲ್ಲ. ಬಸ್ಸಿನಲ್ಲಿ ಕುಳಿತಾಗ ಬಳಸಿ.

ಉತ್ತರ: ಇಪ್ಪತ್ನಾಲ್ಕು ಮೆಟ್ಟು, ಬೆಂಗಳೂರು

ಮೈಸೂರಿನವರ ಉತ್ತರದ ಬಹುಭಾಗವನ್ನು ನಾನು ಒಪ್ಪುತ್ತೇನೆ. ಆದರೆ ಆ್ಯಪ್‌ನಿಂದ ನಷ್ಟವಿಲ್ಲ ಎಂಬ ಕೊನೆಯ ಮಾತನ್ನು ಒಪ್ಪಲಾರೆ, ಮತ್ತು ಆ ಸರಪಳಿಯ ಕೊನೆಯ ಕೊಂಡಿಯ ಬಗ್ಗೆಯೂ ನನಗೆ ಆಕ್ಷೇಪವಿದೆ.

ಕೀಬೋರ್ಡಿನ ಧ್ವನಿಯಲ್ಲಿ ಸ್ವರ ಒಂದು ಚುಕ್ಕಿಯಂತೆ ನಿಲ್ಲುತ್ತದೆ. ತೋಡಿಯ ಗಾಂಧಾರ ಎಲ್ಲಿ ನಿಲ್ಲುತ್ತದೆ? ವೀಣೆಯಲ್ಲಿ ಅದನ್ನು ನುಡಿಸುವಾಗ ಬೆರಳು ಒಂದು ಮೆಟ್ಟಿನ ಮೇಲಿದ್ದರೂ ತಂತಿಯನ್ನು ಪಕ್ಕಕ್ಕೆ ಎಳೆದು ಬಿಡುತ್ತಿರುತ್ತೇವೆ. ಕೇಳಿಸುವುದು ಮಧ್ಯಮದ ಕಡೆಗೆ ಹೋಗಿ ಬರುವ ಒಂದು ಅಲೆ. ಆ ಅಲೆಗೆ ಗಾಂಧಾರವೆಂದು ಹೆಸರು. ಅದನ್ನು ನಿಲ್ಲಿಸಿ 'ಸಾಧಾರಣ ಗಾಂಧಾರ'ವೆಂಬ ಸ್ಥಿರ ಸ್ವರವಾಗಿ ಕೇಳಿಸಿದರೆ ತೋಡಿಯನ್ನು ನಲವತ್ತು ವರ್ಷ ಕೇಳಿದವರಿಗೂ ಗುರುತು ಹತ್ತಲಾರದು. ಚುಕ್ಕಿಗಳನ್ನು ಗುರುತಿಸಲು ಮಾತ್ರ ಪಳಗಿದ ಕಿವಿ ನಿಜವಾದ ಕಛೇರಿಯ ಮುಂದೆ ಕುಳಿತಾಗ, ಒಂದೇ ಗಾಂಧಾರದಲ್ಲಿ ಮೂರು ಸ್ವರಗಳನ್ನು ಕೇಳಿ ಗೊಂದಲಕ್ಕೆ ಬೀಳುತ್ತದೆ. ನನ್ನ ಬಳಿ ಬಂದ ಕೆಲವು ಮಕ್ಕಳಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿದ್ದೇನೆ: ಬಿಡಿ ಸ್ವರಗಳನ್ನು ಮಿಂಚಿನಂತೆ ಗುರುತಿಸುತ್ತಾರೆ, ಸಾವೇರಿ ರಾಗದ ಒಂದು ಹಿಡಿತವನ್ನು (ರಾಗದ ಗುರುತಿನ ತುಣುಕನ್ನು) ಮರಳಿ ಹಾಡಲಾರರು. ಆದ್ದರಿಂದ ಸರಪಳಿಯಲ್ಲಿ ಹರಿಕಾಂಬೋಜಿ, ಖರಹರಪ್ರಿಯಗಳವರೆಗೆ ಬಂದ ಮೇಲೆ ಬಿಡಿ ಸ್ವರಗಳನ್ನು ಬಿಟ್ಟು, ರಾಗದ ಚಿಕ್ಕ ಚಿಕ್ಕ ಸಂಚಾರಗಳನ್ನು ಇಡಿಯಾಗಿ ಕೇಳಿ ಇಡಿಯಾಗಿ ಹಾಡುವುದನ್ನು ರೂಢಿಸಿಕೊಳ್ಳಿ. ಪದಗಳನ್ನು ನಾವು ಅಕ್ಷರ ಅಕ್ಷರವಾಗಿ ಕೇಳುತ್ತೇವೆಯೇ?

ಎರಡನೆಯ ಕಾರಣ ಅಳತೆಯದು. ಕೀಬೋರ್ಡಿನಲ್ಲಿ ಒಂದು ಸ್ಥಾಯಿಯನ್ನು ('ಸ'ದಿಂದ ಮೇಲಿನ 'ಸ'ವರೆಗಿನ ದೂರವನ್ನು) ಹನ್ನೆರಡು ಸಮಭಾಗ ಮಾಡಿರುತ್ತಾರೆ. ಸ್ಥಾಯಿಗೆ 1200 ಸೆಂಟ್ ಎಂಬ ಲೆಕ್ಕದಲ್ಲಿ ಅದರ 'ಅಂತರ ಗಾಂಧಾರ' (ಎತ್ತರದ ಗಾಂಧಾರ) 400ರಲ್ಲಿ ಬೀಳುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಹೊಮ್ಮುವ ಸ್ವಯಂಭೂ ಗಾಂಧಾರವಿದೆಯಲ್ಲ, ಅದು ಸುಮಾರು 386ರಲ್ಲಿದೆ. ಪಂಚಮದಲ್ಲಿ ವ್ಯತ್ಯಾಸ ಕೇವಲ ಎರಡು ಸೆಂಟ್, ಯಾರಿಗೂ ತಿಳಿಯದು. ಗಾಂಧಾರದ ಹದಿನಾಲ್ಕು ಸೆಂಟ್ ತಂಬೂರಿಯ ಪಕ್ಕದಲ್ಲಿ ಖಂಡಿತ ತಿಳಿಯುತ್ತದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ತನ್ನ ಪ್ರಸಾರದಿಂದ ಹೊರಗಿಟ್ಟು ಮೂರು ದಶಕ ಕಾಲ ಹಾಗೆಯೇ ಮುಂದುವರಿಸಿದಾಗ, ಆ ವಾದ್ಯದ ವಿರುದ್ಧ ಕೇಳಿಬಂದ ದೂರುಗಳಲ್ಲಿ ಈ ಸ್ಥಿರ ಶ್ರುತಿಯ ಮತ್ತು ಗಮಕ (ಸ್ವರದ ಓಲಾಟ) ಬಾರದಿರುವಿಕೆಯ ದೂರುಗಳೂ ಸೇರಿದ್ದವು. ಆ ನಿಷೇಧ ನ್ಯಾಯವಾಗಿತ್ತೆಂದು ನಾನು ಹೇಳುತ್ತಿಲ್ಲ. ಹಾರ್ಮೋನಿಯಂನಲ್ಲಿ ದೊಡ್ಡ ಸಂಗೀತ ನುಡಿಸಿದವರಿದ್ದಾರೆ. ಕಿವಿ ಕಲಿಯುವ ಹೊತ್ತಿನಲ್ಲಿ ಆಧಾರವಾಗಿ ತಂಬೂರಿ ಇರಲಿ ಎಂಬುದಷ್ಟೇ ನನ್ನ ಕೋರಿಕೆ.

ನನ್ನದೇ ಅನುಭವವನ್ನು ಇಲ್ಲಿ ಹೇಳಬೇಕು. ವೀಣೆಯ ಮೆಟ್ಟುಗಳು ಮೇಣದ ಮೇಲೆ ಕೂತಿರುತ್ತವೆ. ಬೇಸಿಗೆಯ ಸೆಕೆಗೆ ಮೇಣ ಸಡಿಲಗೊಂಡು ಅವು ಕೂದಲೆಳೆಯಷ್ಟು ಸರಿಯುತ್ತವೆ, ಆಗ ಹೊಸದಾಗಿ ಮೇಳ ಕಟ್ಟಿಸಬೇಕಾಗುತ್ತದೆ, ಅಂದರೆ ಮೆಟ್ಟುಗಳನ್ನು ಮತ್ತೆ ಕೂರಿಸಬೇಕಾಗುತ್ತದೆ. ಕಲಿಕೆಯ ಆರನೆಯ ವರ್ಷದಲ್ಲಿ ನನ್ನ ವೀಣೆಯ ಮಧ್ಯಸ್ಥಾಯಿಯ ಗಾಂಧಾರ ಹಾಗೆ ಸರಿದಿತ್ತು. ನಾಲ್ಕು ತಿಂಗಳು ನಾನು ಹಾಗೆಯೇ ನುಡಿಸಿದೆ. ಮೆಟ್ಟು ಇದ್ದ ಜಾಗಕ್ಕೆ ಕಣ್ಣು ಬೆರಳನ್ನು ಒಯ್ಯುತ್ತಿತ್ತು, ಬೆರಳು ಬಿದ್ದಲ್ಲಿ ಗಾಂಧಾರವಿದೆಯೆಂದು ಮನಸ್ಸು ನಂಬುತ್ತಿತ್ತು. ಹಳ್ಳಿಯಿಂದ ಬಂದ, ಸಂಗೀತವನ್ನೇ ಕಲಿಯದ ನಮ್ಮ ಅಜ್ಜಿ "ಅಲ್ಲೊಂದು ಕಡೆ ಚುಚ್ಚುತ್ತದಲ್ಲ ಮಗು" ಎಂದಾಗಲೇ ನನಗೆ ಗೊತ್ತಾದದ್ದು. ಅಂದಿನಿಂದ ದಿನಕ್ಕೆ ಕಾಲು ಗಂಟೆ ಕಣ್ಣು ಮುಚ್ಚಿ ನುಡಿಸುವುದನ್ನು ನಾನು ಒಂದು ದಿನವೂ ತಪ್ಪಿಸಿಲ್ಲ.

ಉತ್ತರ: ಖರ್ಜ, ಗದಗ

ನಾನು ಹಿಂದೂಸ್ತಾನಿ ಪದ್ಧತಿಯವನು. ಕಣ್ಣು ಮುಚ್ಚಿ ನುಡಿಸುವ ಮಾತು ಬಂದದ್ದರಿಂದ ನಮ್ಮ ಊರಿನ ಪರಂಪರೆಯನ್ನು ನೆನೆಯದಿರಲು ನನಗಾಗದು. ಇಲ್ಲಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ ಅವರ ನಂತರ ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಪುಟ್ಟರಾಜರು (1914–2010) ಹಿಂದೂಸ್ತಾನಿ ಮತ್ತು ಕರ್ನಾಟಕ ಎರಡೂ ಪದ್ಧತಿಗಳನ್ನು ಬಲ್ಲವರಾಗಿದ್ದರು, ಹಾಡುವುದರ ಜೊತೆಗೆ ಹಲವು ವಾದ್ಯಗಳನ್ನು ನುಡಿಸುತ್ತಿದ್ದರು. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಗಾಯಕರಾಗಿ, ವಾದಕರಾಗಿ ಹೊರಬಂದಿದ್ದಾರೆ. ಕಣ್ಣಿದ್ದ ಬಸವರಾಜ ರಾಜಗುರುಗಳೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ಗುರುಗಳು ಹಾಡಿದ್ದನ್ನು ಶಿಷ್ಯ ಕೇಳಿ ಒಪ್ಪಿಸುವ ತಾಲೀಮು ಅಲ್ಲಿಯ ಬುನಾದಿ. ಅಷ್ಟೊಂದು ಮಕ್ಕಳು ಕೇಳಿಯೇ ಕಲಿತಿರುವಾಗ, ಇದು ಹುಟ್ಟಿನಿಂದ ಬರಬೇಕೆಂಬ ಮಾತನ್ನು ನಾವು ಹೇಗೆ ನಂಬುವುದು?

ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತದ್ದು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಹಾಗೆ ಕಲಿತವರು ಪಾಠವನ್ನು ಕಿವಿಯಲ್ಲಿಟ್ಟುಕೊಂಡೇ ಮನೆಗೆ ಮರಳುತ್ತಿದ್ದರು.

ನಿಮಗೆ ನನ್ನ ಸಲಹೆ ಒಂದೇ. ಸಾಧ್ಯವಿದ್ದರೆ ನಿಜವಾದ ತಂಬೂರಿಯೊಂದನ್ನು ಮನೆಗೆ ತಂದು ಅದನ್ನು ನೀವೇ ಶ್ರುತಿ ಮಾಡಲು ಕಲಿಯಿರಿ. ನಡುವಿನ ಎರಡು ಷಡ್ಜದ ತಂತಿಗಳು ತುಸು ಹೊಂದದಿದ್ದರೆ ಅವುಗಳ ಕೂಡು ನಾದ ಅಲೆಅಲೆಯಾಗಿ ಏರಿ ಇಳಿಯುತ್ತದೆ. ಒಂದು ತಂತಿ ಸೆಕೆಂಡಿಗೆ 200 ಬಾರಿ, ಇನ್ನೊಂದು 202 ಬಾರಿ ಕಂಪಿಸುತ್ತಿದ್ದರೆ ಸೆಕೆಂಡಿಗೆ ಎರಡು ಅಲೆ. ಬಿರಡೆಯನ್ನೂ ಮಣಿಯನ್ನೂ ತಿದ್ದುತ್ತ ಹೋದಂತೆ ಅಲೆ ನಿಧಾನವಾಗುತ್ತ ಆಗುತ್ತ ಒಂದು ಗಳಿಗೆಯಲ್ಲಿ ಪೂರ್ತಿ ನಿಂತು, ಎರಡು ತಂತಿಗಳು ಒಂದೇ ಆಗಿಬಿಡುತ್ತವೆ. ಆಮೇಲೆ ತಂತಿಯ ಕೆಳಗೆ ಕುದುರೆಯ ಮೇಲಿರುವ ಜೀವದ ದಾರವನ್ನು ಸರಿಯಾದ ಜಾಗಕ್ಕೆ ತಂದಾಗ ಗಾಂಧಾರ ಮೇಲೆದ್ದು ಬರುತ್ತದೆ. ಇದನ್ನು ಮೊದಲ ಸಲ ಕೇಳಿದ ದಿನ ನಾನು ಹಾಡಲೇ ಇಲ್ಲ, ಸುಮ್ಮನೆ ಮೀಟುತ್ತ ಕುಳಿತಿದ್ದೆ. ಮೊಬೈಲಿನ ತಂಬೂರಿ ಸದಾ ಶ್ರುತಿಯಲ್ಲಿಯೇ ಇರುವುದರಿಂದ ಶ್ರುತಿ ತಪ್ಪುವುದು ಎಂದರೇನೆಂದು ಅದು ನಮಗೆ ತೋರಿಸಿಕೊಡುವುದಿಲ್ಲ.

ಉತ್ತರ: ಮೀಟು ಚಾಪು, ತುಮಕೂರು

ಮೃದಂಗದವನ ಒಂದು ಮಾತು. ಲಯದವರಿಗೆ ಸ್ವರಜ್ಞಾನವೇಕೆ ಎಂದು ಕೇಳುವವರಿದ್ದಾರೆ. ನಮ್ಮ ವಾದ್ಯದ ಬಲಭಾಗ ಗಾಯಕರ ಷಡ್ಜಕ್ಕೆ ಸೇರಬೇಕು. ಅಂಚಿನ ಹೆಣಿಗೆಯನ್ನು ಮೇಲಿನಿಂದ ಕಲ್ಲಿನಲ್ಲಿ ತಟ್ಟಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ, ಸುತ್ತಲೂ ಒಂದೇ ನಾದ ಬರುವವರೆಗೆ ಬಿಡುವಂತಿಲ್ಲ. ಎಡಭಾಗಕ್ಕೆ ಹಚ್ಚುವ ರವೆ ಎಷ್ಟು ಬೇಕೆಂಬುದನ್ನೂ ಕಿವಿಯೇ ಹೇಳಬೇಕು. ಸಭಾಂಗಣದ ಗದ್ದಲದ ನಡುವೆ ಎರಡು ನಿಮಿಷದಲ್ಲಿ ಇದನ್ನು ಮುಗಿಸಬೇಕಾದವನಿಗೆ ಕಿವಿಯ ಸಾಧನೆ ಕೈಯ ಸಾಧನೆಗಿಂತ ಕಡಿಮೆಯದಲ್ಲ. ಹುಡುಗರು ಕೈಗೆ ಮೂರು ಗಂಟೆ ಕೊಡುತ್ತಾರೆ, ಇದಕ್ಕೆ ಮೂರು ನಿಮಿಷವನ್ನೂ ಕೊಡುವುದಿಲ್ಲ ಎಂಬುದು ನನ್ನ ಸಂಕಟ.

ಮರುಬರಹ: ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ಐದು ವಾರ ಕಳೆದಿವೆ. ತಂಬೂರಿ ಇನ್ನೂ ತರಲಾಗಿಲ್ಲ, ಸೋದರತ್ತೆಯ ಮನೆಯಲ್ಲಿ ಒಂದಿದೆ, ದಸರೆಯ ರಜೆಯಲ್ಲಿ ತರುತ್ತೇನೆ. ಷಡ್ಜ ಪಂಚಮಗಳು ಈಗ ನಿಲ್ಲುತ್ತಿವೆ. ಮಾಯಾಮಾಳವಗೌಳದಲ್ಲಿ ಮಗಳು ಹಾಡಿದ ಮೂರು ಸ್ವರಗಳಲ್ಲಿ ಎರಡನ್ನು ಹೇಳುತ್ತೇನೆ. ಏರುವಾಗ ತಪ್ಪುವುದು ಕಡಿಮೆ, ತಾರಷಡ್ಜದಿಂದ ಇಳಿಯುವಾಗ ಧೈವತ ಪಂಚಮಗಳು ಇನ್ನೂ ಕಲಸಿಕೊಳ್ಳುತ್ತವೆ.

ಮಗಳ ಹಾಡನ್ನು ಮತ್ತೆ ಕೈಗೆತ್ತಿಕೊಂಡೆ. ಈ ಸಲ ಮೊದಲ ಸಾಲಿಗೆ ಸ್ವರಗಳು ಸಿಕ್ಕವು, ಆದರೆ ಅವು ವಿಚಿತ್ರವಾಗಿವೆ. ಹಾಡು ಆರಂಭವಾಗುವ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡು ಬರೆದಾಗ ನನಗೆ ದೊರೆತದ್ದು ಷಡ್ಜ, ಚತುಶ್ರುತಿ ರಿಷಭ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ. ಇದು ಶುದ್ಧ ಸಾವೇರಿ ರಾಗವಲ್ಲವೇ? ಮೋಹನದಲ್ಲಿ ಮಧ್ಯಮವೇ ಇಲ್ಲ. ಅಂದರೆ ನಾನು ಮತ್ತೆ ತಪ್ಪು ಕೇಳಿಸಿಕೊಂಡಿದ್ದೇನೆಯೇ?

ಉತ್ತರ: ಪಕ್ಕವಾದ್ಯ, ಮೈಸೂರು

ನಿಮ್ಮ ಬರಹ ಓದಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ನೀವು ತಪ್ಪು ಕೇಳಿಸಿಕೊಂಡಿಲ್ಲ. ಐದು ಸ್ವರಗಳ ನಡುವಿನ ಅಂತರಗಳನ್ನು ನಿಮ್ಮ ಕಿವಿ ಒಂದೂ ಬಿಡದಂತೆ ಸರಿಯಾಗಿ ಅಳೆದಿದೆ. ಅಳತೆಗೋಲನ್ನು ಇಟ್ಟ ಜಾಗ ಮಾತ್ರ ಬೇರೆ. ಮೋಹನದ ಪಂಚಮವನ್ನು ಷಡ್ಜವೆಂದು ಹಿಡಿದು ಅಲ್ಲಿಂದ ಮುಂದಿನ ಸ್ವರಗಳನ್ನು ಎಣಿಸಿದರೆ ಶುದ್ಧ ಸಾವೇರಿಯೇ ಬರುತ್ತದೆ. ಇದಕ್ಕೇ ಗ್ರಹಭೇದ ಎನ್ನುತ್ತಾರೆ. ರಿಷಭದಿಂದ ಎಣಿಸಿದರೆ ಮಧ್ಯಮಾವತಿ, ಗಾಂಧಾರದಿಂದ ಎಣಿಸಿದರೆ ಹಿಂದೋಳ. ವಿದ್ವಾಂಸರು ಕಛೇರಿಯಲ್ಲಿ ಇದನ್ನು ಬೇಕೆಂದೇ ಮಾಡಿ ತೋರಿಸುತ್ತಾರೆ, ನಿಮಗೆ ಅದು ತಾನಾಗಿ ಆಗಿದೆ. ನಿಮ್ಮ ಮಗಳ ಹಾಡು ಪಂಚಮದಿಂದ ಎತ್ತಿಕೊಳ್ಳುವ ಹಾಡಾಗಿರಬೇಕು.

ಹಾಡಿನ ಮೊದಲ ಸ್ವರ ಷಡ್ಜವೇ ಆಗಿರಬೇಕೆಂಬ ನಿಯಮವಿಲ್ಲ. ಹಾಡು ಎಲ್ಲಿಗೆ ಬಂದು ಮುಟ್ಟಿದಾಗ ಇನ್ನು ಮುಂದೆ ಹೋಗಬೇಕೆನ್ನಿಸುವುದಿಲ್ಲವೋ ಅಲ್ಲಿ ಷಡ್ಜವನ್ನು ಹುಡುಕಿ. ಬಹುತೇಕ ಪಲ್ಲವಿಯ ಸಾಲಿನ ಕೊನೆಯಲ್ಲಿ ಅದು ಸಿಗುತ್ತದೆ. ಅಲ್ಲಿಗೆ ಶ್ರುತಿಪೆಟ್ಟಿಗೆಯನ್ನು ಹೊಂದಿಸಿಕೊಂಡು ಮಗಳಿಂದ ಅದೇ ಸಾಲನ್ನು ಅಕಾರದಲ್ಲಿ ಹಾಡಿಸಿ. ಮೊದಲು ಪ್ರತಿ ಪದ ನಿಲ್ಲುವ ಸ್ವರವನ್ನು ಮಾತ್ರ ಬರೆದುಕೊಳ್ಳಿ, ನಡುವಿನವನ್ನು ಎರಡನೆಯ ಸಲಕ್ಕೆ ತುಂಬಿ. ಇಳಿಯುವಾಗಿನ ಧೈವತ ಪಂಚಮಗಳಿಗೆ ಸ್ವರಗಳು ಜೋಡಿಜೋಡಿಯಾಗಿ ಬರುವ ಜಂಟಿವರಸೆಯ ಅವರೋಹಣವನ್ನು ವಿಳಂಬದಲ್ಲಿ, ಪ್ರತಿ ಧೈವತದ ಮೇಲೆ ನಿಂತು ತಂಬೂರಿಯ ಪಂಚಮವನ್ನು ಕೇಳಿಸಿಕೊಂಡು ಇಳಿಯುತ್ತ ಒಂದು ವಾರ ಹಾಡಿ ನೋಡಿ, ಆಮೇಲೆ ಬರೆಯಿರಿ.